ಮಣಿಕಟ್ಟಿನ ಟಿವಿಯೂ ಕೊಡ್ಲಿಯ ಚಹಾವೂ

ಮೊನ್ನೆ ಸೇಡಮ್ಮಿನಿಂದ ಚಿಂಚೋಳಿಗೆ ಹೋಗುವ ಬಸ್ಸಿನಲ್ಲಿ ನನಗೆ ಅವಮಾನವಾಯಿತು. ಕೇಳಿದರೆ ನೀವು ನಗುತ್ತೀರಿ. ನಗಿರಿ, ನನಗೆ ರೂಢಿಯಾಗಿದೆ. ಪಕ್ಕದಲ್ಲಿ ಕುಳಿತಿದ್ದ ಕಾಲೇಜು ಹುಡುಗಿ ತನ್ನ ಎಡಗೈ ಮಣಿಕಟ್ಟನ್ನು ಮೂಗಿನ ಹತ್ತಿರ ಹಿಡಿದು ಏನನ್ನೋ ನೋಡುತ್ತಿದ್ದಳು. ನಾನೂ ಇಣುಕಿದೆ. ಇಣುಕುವುದು ನನ್ನ ಹುಟ್ಟುಗುಣ, ಅದಕ್ಕೆ ಇನ್ನು ಮದ್ದಿಲ್ಲ. ಗಡಿಯಾರದ ಮುಖದಲ್ಲಿ ಕ್ರಿಕೆಟ್ ನಡೆದಿತ್ತು. ಉಗುರಿನಷ್ಟು ಮೈದಾನ, ಅದರಲ್ಲಿ ಜೀರಿಗೆ ಕಾಳಿನಷ್ಟು ಆಟಗಾರರು, ಆದರೂ ಯಾರು ಓಡಿದರು, ಯಾರು ಔಟಾದರು ಎಲ್ಲ ಸ್ಪಷ್ಟ. ನನ್ನ ತೆರೆದ ಬಾಯಿ ನೋಡಿ ಹುಡುಗಿಗೆ ಕನಿಕರ ಬಂತು.

"ಅಜ್ಜಾ, ಈಗಿನ ವಾಚಿನಾಗ ಟಿವಿನೂ ಬರ್ತದ್ರಿ," ಎಂದಳು, ಅಂಗನವಾಡಿ ಮಕ್ಕಳಿಗೆ ಹೇಳುವ ಧ್ವನಿಯಲ್ಲಿ.

ನನಗೆ ತಡೆಯಲಾಗಲಿಲ್ಲ. "ಗೊತ್ತದವ್ವಾ. ನಾನೂ ಕೈಯಾಗ ಟಿವಿ ಕಟ್ಕೊಂಡೇ ಅಡ್ಡಾಡ್ತಿದ್ದೆ. ನಿಮ್ಮಪ್ಪ ಆವಾಗ ಇನ್ನಾ ಚಡ್ಡಿ ಹಾಕ್ಕೊಂಡು ಸಾಲಿಗಿ ಹೋಗ್ತಿದ್ದಿರಬೇಕು."

ಹುಡುಗಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಭಾಳ ಮರ್ಯಾದೆಯಿಂದ, "ಖಿಡಕಿ ಕಡಿ ಬರ್ತೀರೇನ್ರಿ ಅಜ್ಜಾ? ಜರಾ ಗಾಳಿ ಬಡದ್ರ ಆರಾಮ ಅನಸ್ತದ," ಎಂದಳು. ನನ್ನ ತಲೆಗೆ ಬಿಸಿಲು ಹತ್ತಿದೆ ಎಂದು ತಿಳಿದಳೆಂಬುದು ಅರ್ಥವಾಯಿತು. ಆದರೂ ಎದ್ದು ಕಿಟಕಿಯ ಪಕ್ಕ ಹೋಗಿ ಕುಳಿತೆ. ಅವಮಾನ ಬೇರೆ, ಕಿಟಕಿಯ ಸೀಟು ಬೇರೆ.

ನಾನು ಸುಳ್ಳು ಹೇಳಿರಲಿಲ್ಲ. ಕೈಗಡಿಯಾರ ಟಿವಿಯ ಚರಿತ್ರೆಯನ್ನು ಸೇಡಂ ತಾಲ್ಲೂಕಿನಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಬೇರೆ ಯಾರಿಗೂ ಅದು ಬೇಕಾಗಿಲ್ಲವಾದ್ದರಿಂದ ಈ ಪಟ್ಟ ನನಗೆ ಸುಲಭವಾಗಿ ದಕ್ಕಿದೆ. ಜನ ತಿಳಿದಿರುವಂತೆ ಇದು ಈಗಿನ ಹುಡುಗರ ಕಾಲದ್ದಲ್ಲ. ಎಂಬತ್ತರ ದಶಕದ ಆರಂಭದಲ್ಲೇ ಜಪಾನಿನವರು ಇದನ್ನು ಮಾಡಿ ಮಾರಿದ್ದರು. ಮಾಡಿದ್ದರು ಎಂದರೆ ಅರ್ಧ ಮಾತ್ರ ಮಾಡಿದ್ದರು ಅನ್ನಿ. ಮಣಿಕಟ್ಟಿನ ಮೇಲೆ ಅಂಚೆಚೀಟಿಯಷ್ಟು ಪರದೆ ಇರುತ್ತಿತ್ತು, ಅಷ್ಟೇ. ಟಿವಿಯ ಹೊಟ್ಟೆ, ಕರುಳು ಎಲ್ಲ ಬೇರೆ ಡಬ್ಬಿಯಲ್ಲಿ. ಆ ಡಬ್ಬಿಯನ್ನು ಕಿಸೆಯಲ್ಲಿಟ್ಟುಕೊಂಡು, ಅದರ ವೈರನ್ನು ತೋಳಿನೊಳಗಿಂದ ಇಳಿಸಿ ಗಡಿಯಾರಕ್ಕೆ ಚುಚ್ಚಬೇಕು. ಇನ್ನೊಂದು ವೈರು ಕಿವಿಗೆ. ಕಿವಿಯ ವೈರೇ ಆಂಟೆನಾ. ಅಂದರೆ ಟಿವಿ ನೋಡಲು ಹೊರಟ ಮನುಷ್ಯನೇ ಅರ್ಧ ಟಿವಿಯಾಗಬೇಕು. ಮುಂದೆ ಬಣ್ಣದ ಪರದೆಯ ಟಿವಿ ಗಡಿಯಾರಗಳೂ ಬಂದವು, ವೈರಿಲ್ಲದವೂ ಬಂದವು. ಅವಕ್ಕೆ ಬ್ಯಾಟರಿ ಸಾಲುತ್ತಿರಲಿಲ್ಲ. ಅಷ್ಟರಲ್ಲಿ ದೇಶದೇಶಗಳಲ್ಲಿ ಹಳೆಯ ರೀತಿಯ ಪ್ರಸಾರವೇ ನಿಂತುಹೋಗಿ, ಉಳಿದಿದ್ದ ಗಡಿಯಾರಗಳೆಲ್ಲ ಕಣ್ಣಿದ್ದೂ ಕುರುಡಾದವು. ಈಗ ಬಸ್ಸಿನ ಹುಡುಗಿಯ ಕೈಯಲ್ಲಿರುವುದು ಮೂರನೆಯ ತಲೆಮಾರು. ನನ್ನ ಕೈಯಲ್ಲಿದ್ದದ್ದು ಮೊದಲನೆಯದು, ಅದರ ಅಜ್ಜ.

ಆಗ ನಾವು ಶಹಾಬಾದಿನಲ್ಲಿದ್ದೆವು. ಅಪ್ಪನದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ನಾನು ಆಗತಾನೆ ಸರ್ಕಾರಿ ಶಾಲೆಗೆ ಮಾಸ್ತರನಾಗಿ ಸೇರಿ, ಊರಿನಲ್ಲಿ ನನ್ನಷ್ಟು ಮುಂದುವರಿದವನು ಇಲ್ಲವೆಂದು ತಿಳಿದಿದ್ದೆ. ಪಕ್ಕದ ಮನೆಯ ಖಾದರ್ ಚಾಚಾ ಜಿದ್ದಾದಲ್ಲಿ ದುಡಿದು ಊರಿಗೆ ಮರಳಿದಾಗ ಅತ್ತರು, ಕಂಬಳಿ, ಖರ್ಜೂರದ ಜೊತೆ ಈ ಗಡಿಯಾರವನ್ನೂ ತಂದಿದ್ದರು. ನಾನು ದಿನಾ ಅವರ ಮನೆಗೆ ಹೋಗಿ ಅದನ್ನೇ ನೋಡುತ್ತ ಕೂರುತ್ತಿದ್ದೆ. ಅವರ ಹೆಂಡತಿ ನನಗೆ ಚಹಾ ಮಾಡಿ ಮಾಡಿ ಸಾಕಾಗಿ, ಇದನ್ನು ಅವನಿಗೇ ಕೊಟ್ಟುಬಿಡಿ ಎಂದು ಒಳಗಿನಿಂದ ಕೂಗಿದರು.

"ತಗೋ ಬೇಟಾ," ಎಂದರು ಚಾಚಾ. "ಖರೇ ಹೇಳ್ತೀನಿ, ಜಿದ್ದಾದಾಗ ನನಗ ಒಂದಿನಾನೂ ಏನೂ ಕಾಣ್ಲಿಲ್ಲ. ನಿನ್ನ ನಸೀಬಿನಾಗಿದ್ರ ಕಾಣ್ತದ."

ನನ್ನ ನಸೀಬಿನಲ್ಲಿ ಗೆರೆಗಳಿದ್ದವು. ಶಹಾಬಾದಿನಲ್ಲಿ ಗುಂಡಿ ಒತ್ತಿದರೆ ಪರದೆಯ ಮೇಲೆ ಓರೆಯಾದ ಬೂದು ಗೆರೆಗಳು ಮೂಡಿ ಮೇಲಕ್ಕೆ ಸರಿಯುತ್ತಿದ್ದವು. ಕಿವಿಯಲ್ಲಿ ಹಂಚಿನ ಮೇಲೆ ನೀರು ಚಿಮುಕಿಸಿದ ಸದ್ದು. ಜಪಾನಿನ ಪ್ರಸಾರದ ರೀತಿಯೇ ಬೇರೆ, ನಮ್ಮ ದೇಶದ್ದೇ ಬೇರೆ, ಆ ಗಡಿಯಾರದಲ್ಲಿ ನಮ್ಮ ಟಿವಿ ಕಾಣುವ ಮಾತೇ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಾನು ದೋಷವೆಲ್ಲ ಜಾಗದ್ದು ಎಂದುಕೊಂಡೆ. ಅಂತರ್ಜಲ ಹುಡುಕುವವರು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಹೊಲ ಸುತ್ತುವಂತೆ ನಾನು ಮಣಿಕಟ್ಟು ಮುಂದೆ ಚಾಚಿಕೊಂಡು ಸುತ್ತಿದೆ. ವಾಡಿ ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ನಿಂತೆ, ಗೆರೆಗಳು ಇನ್ನಷ್ಟು ತೆಳುವಾದವು. ಚಿತ್ತಾಪುರದಲ್ಲಿ ಗೆರೆ ಹೋಗಿ ಇರುವೆಯಂಥ ಚುಕ್ಕೆಗಳು ಬಂದವು. ನಾಲವಾರಕ್ಕೆ ರೈಲಿನಲ್ಲಿ ಹೋಗುವಾಗ ಒಮ್ಮೆ ಯಾರೋ ಮನುಷ್ಯ ಕಂಡ ಹಾಗಾಗಿ ಎದ್ದು ನಿಂತೇಬಿಟ್ಟೆ. ನೋಡಿದರೆ ಎದುರು ಸೀಟಿನವನ ಮುಖ ಗಾಜಿನಲ್ಲಿ ಮೂಡಿತ್ತು. ಸನ್ನತಿಯಲ್ಲಿರುವ ನಮ್ಮ ದೊಡ್ಡವ್ವ, "ಕೈ ನೋಯ್ಲಿಕತ್ತದೇನೋ? ಎಣ್ಣಿ ತಿಕ್ಕಲ್ಯಾ?" ಎಂದು ಕೇಳಿದಳು.

ಇಷ್ಟಾದರೂ ಶಾಲೆಯಲ್ಲಿ ಸಹೋದ್ಯೋಗಿಗಳು ಕೇಳಿದರೆ, "ನಿನ್ನೆ ಮ್ಯಾಚು ಪೂರ್ತಿ ನೋಡಿದೆ, ಏನು ಆಟ ಅಂತೀರಿ!" ಎನ್ನುತ್ತಿದ್ದೆ. ಸ್ಕೋರು ಮಾತ್ರ ಬೆಳಿಗ್ಗೆಯೇ ರೇಡಿಯೋದಲ್ಲಿ ಕೇಳಿಟ್ಟುಕೊಂಡಿರುತ್ತಿದ್ದೆ.

ಈಗ ಒಂದು ಭಾನುವಾರ ಬೆಳಗಿನ ಮಾತು. ಅದನ್ನು ಹೇಳುವ ಮೊದಲು ನನ್ನ ಅವತಾರವನ್ನು ವರ್ಣಿಸಬೇಕು, ಏಕೆಂದರೆ ಅನರ್ಥವೆಲ್ಲ ಆದದ್ದು ಅದರಿಂದಲೇ. ಡಬ್ಬಿಯ ಭಾರಕ್ಕೆ ನನ್ನ ಅಂಗಿಗಳ ಕಿಸೆಗಳೆಲ್ಲ ಹರಿದುಹೋಗಿದ್ದವು. ಅವ್ವ ಬೈಯುತ್ತಲೇ ಬಿಳಿ ಬಟ್ಟೆಯ ಒಂದು ಚೀಲ ಹೊಲಿದು, ದಾರ ಕಟ್ಟಿ, ಕೊರಳಿಗೆ ಹಾಕಿದ್ದಳು. ಡಬ್ಬಿ ಎದೆಯ ಮೇಲೆ ನೇತಾಡುತ್ತಿತ್ತು. ಆ ಗಡಿಯಾರಕ್ಕೆ ಸ್ವಂತ ಬೆಳಕಿರಲಿಲ್ಲ, ಹೊರಗಿನ ಬೆಳಕು ಬಿದ್ದರೆ ಮಾತ್ರ ಕಾಣುತ್ತಿತ್ತು. ಹಾಗಾಗಿ ಬೆಳಿಗ್ಗೆ ಸ್ನಾನ ಮುಗಿಸಿ, ಅವ್ವನ ಕಾಟಕ್ಕೆ ಹಣೆಗೆ ವಿಭೂತಿ ಬಳಿದುಕೊಂಡು, ಮಾಳಿಗೆ ಹತ್ತಿ, ಪೂರ್ವಕ್ಕೆ ಮುಖಮಾಡಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆ. ಗಡಿಯಾರವನ್ನು ಅಂಗೈ ಕಡೆಗೆ ತಿರುಗಿಸಿ ಕಟ್ಟುವುದು ನನ್ನ ಶೋಕಿ. ಆದ್ದರಿಂದ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕಿತ್ತು. ಕಿವಿಯ ವೈರು ಕಂಡರೆ ಪಕ್ಕದ ಮನೆಯವರು ಏನದು ಎನ್ನುತ್ತಾರೆ, ಏನೆಂದು ಹೇಳಿದರೆ ತೋರಿಸು ಎನ್ನುತ್ತಾರೆ, ತೋರಿಸಿದರೆ ನನ್ನ ಬಂಡವಾಳ ಬಯಲು. ಅದಕ್ಕೇ ತಲೆಯ ಮೇಲಿಂದ ಬಿಳಿಯ ಶಲ್ಯ ಹೊದೆಯುತ್ತಿದ್ದೆ.

ನೀವು ನಮ್ಮ ಕಡೆಯವರಾದರೆ ಇಷ್ಟಕ್ಕೇ ನಗಲು ಶುರು ಮಾಡಿರುತ್ತೀರಿ. ನಮ್ಮದು ಲಿಂಗಪೂಜೆಯ ಮನೆತನ. ಕೊರಳಲ್ಲಿ ಲಿಂಗದ ಕರಡಿಗೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯ ಮೇಲೆ ಲಿಂಗವನ್ನಿಟ್ಟು ರೆಪ್ಪೆ ಬಡಿಯದೆ ನೋಡುತ್ತ ಕೂರುವುದು ಪೂಜೆಯ ಕ್ರಮ. ಆ ಪೂಜೆಯನ್ನು ನಾನು ಅಂಗಿಯ ಗುಂಡಿ ಹಾಕುವಷ್ಟು ಹೊತ್ತಿನಲ್ಲಿ ಮುಗಿಸುತ್ತಿದ್ದೆ. ಟಿವಿಯ ಮುಂದೆ ಮಾತ್ರ ಬಿಸಿಲು ನೆತ್ತಿಗೆ ಬರುವವರೆಗೂ ಅಲುಗುತ್ತಿರಲಿಲ್ಲ.

ನಮ್ಮ ಕಡೆ ಹಿರಿಯರು ವರನನ್ನು ಎರಡು ಸಲ ನೋಡುತ್ತಾರೆ. ಒಂದು ಸಲ ಹೇಳಿ ಬರುತ್ತಾರೆ. ಅದಕ್ಕೂ ಮೊದಲು ಒಂದು ಸಲ ಹೇಳದೆ ಬರುತ್ತಾರೆ, ನಿಜವಾದ ಪರೀಕ್ಷೆ ಅದೇ. ಆ ಭಾನುವಾರ ಚಿಂಚೋಳಿ ತಾಲ್ಲೂಕಿನ ಕೊಡ್ಲಿಯಿಂದ ಗುರುಪಾದಪ್ಪ ಎಂಬ ಹಿರಿಯರು ತಮ್ಮ ಮೊಮ್ಮಗಳಿಗಾಗಿ ನನ್ನನ್ನು ನೋಡಲು ಹೇಳದೆ ಬಂದರು. ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದವರು ನನ್ನನ್ನು ನೋಡಿದ್ದೇ ಕಾಲಿನ ಜೋಡು ಕಳಚಿ, ಕೈಮುಗಿದು, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತುಬಿಟ್ಟರಂತೆ. ಕಿವಿಯಲ್ಲಿ ಚುರ್ರೆನ್ನುವ ಸದ್ದು ತುಂಬಿದ್ದ ನನಗೆ ಅವರು ಬಂದದ್ದೇ ತಿಳಿಯಲಿಲ್ಲ. ಅಂದು ಮ್ಯಾಚಿತ್ತು. ಬಿಸಿಲಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಬಾರಪಾ, ಒಂದ್ಸಲರ ಬಾರಪಾ," ಎಂದು ನಾನು ಆ ಗೆರೆಗಳನ್ನು ಗೋಗರೆಯುತ್ತಿದ್ದೆ.

ಕೊನೆಗೆ ಕುತ್ತಿಗೆ ನೋವಾಗಿ ತಿರುಗಿದಾಗ ಅಪ್ಪ ಮತ್ತು ಈ ಹಿರಿಯರು ಸಾಲಾಗಿ ನಿಂತಿದ್ದರು. ಹಿರಿಯರ ಕಣ್ಣೂ ಒದ್ದೆಯಾಗಿತ್ತು.

"ಸಾವ್ಕಾರ್ರ," ಎಂದರು ಅಪ್ಪನಿಗೆ, "ಈ ಕಾಲದಾಗ ಇಂಥಾ ಹುಡುಗ ಎಲ್ಲಿ ಸಿಗ್ತಾನ್ರಿ? ನಾ ಏನೂ ಕೇಳಂಗಿಲ್ಲ. ನೀವು ಕೊಡ್ಲಿಗಿ ಬಂದು ಹುಡುಗೀನ ನೋಡ್ರಿ."

ಅವರು ಹೋದ ಕೂಡಲೇ ನಾನು ಅಪ್ಪನಿಗೆ ಹೇಳಿದೆ. "ಅಪ್ಪಾ, ಅದು ಪೂಜಾ ಅಲ್ಲ."

"ನನಗೇನು ಗೊತ್ತಿಲ್ಲೇನೋ? ಸುಮ್ನಿರು," ಎಂದ ಅಪ್ಪ. "ನೀ ಹುಟ್ಟಿದ ಮ್ಯಾಲ ಇವತ್ತ ಒಬ್ರು ನಿನಗ ಛಲೋ ಅಂದಾರ. ನಾಕ ದಿನ ಅದನ್ನ ನೆನಸ್ಕೊಂಡು ಖುಷಿ ಪಡ್ತೀನಿ, ಬಿಡು."

ಹೀಗೆ ನಾವು ಕೊಡ್ಲಿಗೆ ಹೋದೆವು. ಹುಡುಗಿಯ ಎದುರು ಆಧುನಿಕನಾಗಿ ಕಾಣಬೇಕೆಂದು ನಾನು ಗಡಿಯಾರ, ವೈರು, ಡಬ್ಬಿ ಎಲ್ಲವನ್ನೂ ಧರಿಸಿದ್ದೆ. ವೈರು ಮುಚ್ಚಲು ತುಂಬುತೋಳಿನ ಅಂಗಿ ಬೇರೆ. ಬೇಸಿಗೆಯಲ್ಲಿ ಚಿಂಚೋಳಿ ಕಡೆಯ ಬಸ್ಸಿನಲ್ಲಿ ತುಂಬುತೋಳಿನ ಅಂಗಿ ಹಾಕಿದವರನ್ನು ಜನ ಒಂದು ಥರಾ ನೋಡುತ್ತಾರೆ. ದಾರಿಯಲ್ಲಿ ಅಪಘಾತವಾಗಿ ಬಸ್ಸು ತಡವಾಯಿತು ಎಂದು ಬರೆದರೆ ಕಥೆಗೆ ರಂಗೇರುತ್ತಿತ್ತು, ಆದರೆ ಹಾಗೇನೂ ಆಗಲಿಲ್ಲ. ಬಸ್ಸು ಎಂದಿನಂತೆ ಸುಮ್ಮಸುಮ್ಮನೆ ತಡವಾಯಿತು. ಕೊಡ್ಲಿ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು.

ಗುರುಪಾದಪ್ಪ ಅಜ್ಜಾರ ಮನೆಯ ಹೊಸ್ತಿಲು ದಾಟಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಮನೆ ತುಂಬ ಜನ, ಆದರೆ ಒಬ್ಬರ ಮುಖದಲ್ಲೂ ನಗುವಿಲ್ಲ. ಹೆಂಗಸರು ನನ್ನನ್ನು ನೋಡಿದ ರೀತಿ ವರನನ್ನು ನೋಡುವ ರೀತಿಯಾಗಿರಲಿಲ್ಲ. ಹುಡುಗಿಯ ಅತ್ತೆಯೊಬ್ಬಳಂತೂ ತಲೆಗೆ ಬಟ್ಟೆ ಬಿಗಿದು ಗೋಡೆಗೊರಗಿ ಕುಳಿತು, "ಬಂದ್ರೇನವಾ ಕಡೀಗಿ?" ಎಂದು ನರಳಿದಳು. ಸಂಗತಿ ಏನೆಂಬುದನ್ನು ಅಜ್ಜಾರೇ ಸಂಭ್ರಮದಿಂದ ಹೇಳಿದರು.

"ಬರ್ರಿ, ಕುಂದ್ರಿ. ತಮ್ಮಾ, ನಿನ್ನ ಜೋಡಿ ಕುಂತು ಮಾಡಬೇಕಂತ ಇವತ್ತ ನನ್ನ ಪೂಜಾನೂ ತಡದೀನಿ ನೋಡು. ಕೈಕಾಲು ತೊಳ್ಕೋ. ಇಬ್ರೂ ಕೂಡೇ ಕುಂದ್ರೋಣು." ನನ್ನ ಎದೆಯ ಉಬ್ಬನ್ನು ನೋಡಿ ಇನ್ನೂ ಖುಷಿಯಾದರು. "ಇಷ್ಟ ದೊಡ್ಡ ಕರಡಗಿ ನಾ ನಮ್ಮ ಮುತ್ಯಾನ ಕೊಳ್ಳಾಗ ನೋಡಿದ್ದೆ."

ಅಜ್ಜಾರು ಮಡಿಯುಡಲು ಒಳಗೆ ಹೋದರು. ಅಪ್ಪ ಏನೂ ಗೊತ್ತಿಲ್ಲದವನಂತೆ ಗೋಡೆಯ ಕ್ಯಾಲೆಂಡರು ಓದತೊಡಗಿದ. ಆಗ ನೀರಿನ ತಂಬಿಗೆ ಹಿಡಿದು ನೀಲಾ ಬಂದಳು. ಅಜ್ಜಾರ ಮೊಮ್ಮಗಳು, ನಾನು ನೋಡಲು ಬಂದ ಹುಡುಗಿ. ನೋಡಿದೆ. ಏನು ಹೇಳಲಿ? ನನಗೆ ಆ ಹುಡುಗಿ ಬೇಕು ಅನ್ನಿಸಿತು. ಸಿಟ್ಟಿನಲ್ಲಿ ಕೆಂಪಾಗಿದ್ದ ಆ ಮುಖವನ್ನು ಬಿಟ್ಟು ಶಹಾಬಾದಿಗೆ ಮರಳಲು ಮನಸ್ಸಾಗಲಿಲ್ಲ. ತಂಬಿಗೆ ಕೊಟ್ಟವಳು ಹೋಗಲಿಲ್ಲ.

"ಒಂದ್ ಮಾತ್ ಕೇಳ್ಲೇನ್ರಿ?" ಎಂದಳು ತಗ್ಗಿದ ದನಿಯಲ್ಲಿ. "ದಿನಾ ಎಷ್ಟೊತ್ತು ಪೂಜಾಕ್ಕ ಕುಂದರ್ತೀರಿ?"

"ಯಾಕ್ರಿ?"

"ನಮ್ಮ ಮನ್ಯಾಗ ಅಜ್ಜಾನ ಪೂಜಾ ಮುಗಿಯೋತನ ಯಾರೂ ಚಾ ಕುಡ್ಯಂಗಿಲ್ಲ. ನಾ ಹುಟ್ಟಿದಾಗಿಂದ ಎದ್ದ ಕೂಡ್ಲೆ ಚಾ ಅನ್ನೋದು ಕಂಡಿಲ್ಲ. ಲಗ್ನ ಆದ ಮ್ಯಾಲರ ಮುಂಜಾನಿ ಎದ್ದು, ಮಾರಿ ತೊಳ್ಕೊಂಡು, ಬಿಸಿಬಿಸಿ ಚಾ ಕುಡೀಬೇಕಂತ ಅದೊಂದೇ ಆಸಿ ನಂದು. ನೀವು ಅಜ್ಜಾಗಿಂತ ಹೆಚ್ಚಿನವ್ರು ಅಂತ. ನಿಮ್ಮ ಮನಿಗಿ ಬಂದ್ರ ನನ್ನ ಚಾ ಮಧ್ಯಾನಕ್ಕ ಹೋಗ್ತದ. ಇವತ್ತ ನೋಡ್ರಿ, ನಿಮ್ಮ ಸಲುವಾಗಿ ಮನಿ ಮಂದಿ ಎಲ್ಲಾ ತಲಿ ಹಿಡ್ಕೊಂಡು ಕುಂತಾರ. ನಾ ಒಲ್ಲೆ ಅಂತ ಹೇಳಾಕಿದ್ದೀನಿ. ಸಿಟ್ಟಾಗಬ್ಯಾಡ್ರಿ."

ನನ್ನ ಜನ್ಮದಲ್ಲಿ ನನ್ನನ್ನು ಅತಿಯಾದ ಭಕ್ತಿಗಾಗಿ ಯಾರಾದರೂ ಬೇಡವೆಂದದ್ದು ಅದೊಂದೇ ಸಲ. "ನಾ ಪೂಜಾ ಮಾಡೋ ಪೈಕಿ ಅಲ್ರಿ!" ಎಂದೆ, ಸಿಕ್ಕಿಬಿದ್ದ ಕಳ್ಳನಂತೆ ತೊದಲುತ್ತ. "ಅದು ಟಿವಿ. ಗಡಿಯಾರದಾಗ ಟಿವಿ ನೋಡ್ಲಿಕತ್ತಿದ್ದೆ."

"ಗಡಿಯಾರದಾಗ ಟಿವಿ?" ಅವಳು ಹುಬ್ಬೇರಿಸಿದಳು. "ಪೂಜಾ ಮಾಡ್ತೀನಿ ಅನ್ಲಿಕ್ಕ ನಾಚ್ಗಿ ಬರ್ತದೇನ್ರಿ? ಇಂಥಾ ಸುಳ್ಳು ಯಾಕ?"

ನಾನು ತೋಳು ಮೇಲೇರಿಸಿದೆ, ವೈರು ತೋರಿಸಿದೆ, ಗುಂಡಿ ಒತ್ತಿದೆ. ಶಹಾಬಾದಿನ ಗೆರೆಗಳಾದರೂ ಬಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಕೊಡ್ಲಿಯಲ್ಲಿ ಪರದೆ ಒಲೆಯ ಬೂದಿಯ ಹಾಗೆ ಸುಮ್ಮನಿತ್ತು. ನೀಲಾ ಬಗ್ಗಿ ನೋಡಿದಳು, ಕೈಯನ್ನು ಆಚೆ ಈಚೆ ತಿರುಗಿಸಿ ನೋಡಿದಳು.

"ಇದರಾಗ ಏನೂ ಇಲ್ಲಲ್ರಿ."

"ಇಲ್ಲಿ ಬರಂಗಿಲ್ಲ. ನಮ್ಮೂರಾಗ ಕಾಣ್ತದ."

"ಏನ್ ಕಾಣ್ತದ?"

ಸಹೋದ್ಯೋಗಿಗಳಿಗೆ ಹೇಳಿದ ಹಾಗೆ ಮ್ಯಾಚು ಕಾಣುತ್ತದೆ ಎನ್ನಬಹುದಿತ್ತು. ಅವಳ ಮುಖ ನೋಡಿ ನಾಲಗೆ ಏಳಲಿಲ್ಲ. "ಗೆರಿ," ಎಂದೆ.

"ಗೆರಿ?"

"ಹೌದ್ರಿ. ಓರಿ ಗೆರಿ."

"ಓರಿ ಗೆರಿ ನೋಡ್ಲಿಕ್ಕ ಬಿಸಲಾಗ ಅಷ್ಟೊತ್ತು ಕುಂತಿದ್ರಿ?" ಅವಳ ಸಿಟ್ಟು ಅರ್ಧ ಇಳಿದು ಅದರ ಜಾಗದಲ್ಲಿ ಬೇರೇನೋ ಬಂದಿತ್ತು. ಕನಿಕರವೇ ಇರಬೇಕು, ಹೆಣ್ಣುಮಕ್ಕಳಲ್ಲಿ ನಾನು ಬೇಗ ಹುಟ್ಟಿಸುವ ಭಾವನೆ ಅದೊಂದೇ. "ಹಂಗಿದ್ರ ಇದನ್ನೇ ಅಜ್ಜಾನ ಮುಂದ ಹೇಳ್ರಿ, ನನ್ನೆದರಿಗೆ. ಹೇಳಿದ್ರ ನಾ ವಿಚಾರ ಮಾಡ್ತೀನಿ. ಇಲ್ಲಂದ್ರ ಒಲ್ಲೆ."

ನನ್ನ ಪರಿಸ್ಥಿತಿ ನೋಡಿ. ಹೇಳದಿದ್ದರೆ ಹುಡುಗಿ ಒಲ್ಲೆ ಎನ್ನುತ್ತಾಳೆ. ಹೇಳಿದರೆ ಅಜ್ಜಾರು ಕೊಡುವುದಿಲ್ಲ. ಅಪ್ಪನ ಕಡೆ ನೋಡಿದೆ. ಅಪ್ಪ ಕ್ಯಾಲೆಂಡರಿನ ಹಿಂದಿನ ತಿಂಗಳುಗಳಿಗೆ ಹೋಗಿದ್ದ. ಅಷ್ಟರಲ್ಲಿ ಅಜ್ಜಾರು ಮಡಿಯುಟ್ಟು ಹೊರಬಂದರು. ಎರಡು ಮಣೆ ಹಾಕಿಸಿದರು. ತಮ್ಮ ಮಣೆಯ ಮೇಲೆ ಕುಳಿತು, ಪಕ್ಕದ ಮಣೆಯನ್ನು ಕೈಯಿಂದ ಒರೆಸಿ, "ಬಾ ತಮ್ಮಾ," ಎಂದರು. ಆ ಮುದುಕರು ಮಣೆ ಒರೆಸಿದ್ದು ನೋಡಿ ನನಗೆ ಅಳು ಬಂದಂತಾಯಿತು. ಇಷ್ಟು ಪ್ರೀತಿಯಿಂದ ಯಾರೂ ನನಗೆ ಜಾಗ ಮಾಡಿಕೊಟ್ಟಿರಲಿಲ್ಲ, ಅದೂ ನನ್ನದಲ್ಲದ ಗುಣಕ್ಕಾಗಿ.

"ಅಜ್ಜಾರ," ಎಂದೆ, ನಿಂತಲ್ಲೇ. "ಅವತ್ತು ಮಾಳಗಿ ಮ್ಯಾಲ ನಾ ಪೂಜಾ ಮಾಡ್ಲಿಕತ್ತಿರಲಿಲ್ರಿ. ಇದು ಕರಡಗಿ ಅಲ್ಲ, ಟಿವಿ ಡಬ್ಬಿ. ಈ ಗಡಿಯಾರದಾಗ ನೋಡ್ಲಿಕತ್ತಿದ್ದೆ."

ತಲೆಗೆ ಬಟ್ಟೆ ಕಟ್ಟಿದ್ದ ಅತ್ತೆ ನರಳುವುದನ್ನು ನಿಲ್ಲಿಸಿದಳು. ಅಜ್ಜಾರು ನನ್ನ ಎದೆಯ ಡಬ್ಬಿ ನೋಡಿದರು, ವೈರು ನೋಡಿದರು, ಕೈ ಚಾಚಿ ಗಡಿಯಾರವನ್ನು ಮುಟ್ಟಿ ನೋಡಿದರು. ಅವರ ಮುಖ ಬಾಡಿದ್ದು ನನಗೆ ಕಂಡಿತು. ಅದನ್ನು ನೋಡಲಾರದೆ ಕೆಳಗೆ ನೋಡಿದೆ.

"ಏನ್ ತೋರಸ್ಲಿಕತ್ತಿದ್ರು ಅವತ್ತ ಅದರಾಗ?"

"ಮ್ಯಾಚ್ ಇತ್ರಿ. ನನಗ ಕಾಣ್ಲಿಲ್ಲ."

"ಏನೂ ಕಾಣ್ಲಿಲ್ಲೇನು?"

"ಒಂದಿನಾನೂ ಏನೂ ಕಂಡಿಲ್ರಿ. ಬರೇ ಗೆರಿ."

"ಮತ್ತ ಅಷ್ಟೊತ್ತು ಯಾಕ ಕುಂತಿದ್ದಿ? ಕಣ್ಣಾಗ ನೀರು ಹರೀಲಿಕತ್ತಿದ್ವು, ನಾ ನೋಡೀನಿ."

ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. "ಈಗ ಬರ್ತದ, ಇನ್ನೊಂದೀಟು ನೋಡಿದ್ರ ಬರ್ತದ ಅಂತ ಕುಂತಿದ್ದೆ ಅಜ್ಜಾರ," ಎಂದೆ.

ಅಜ್ಜಾರು ಬೈಯುತ್ತಾರೆಂದು ನಾನು ಕಾದೆ. ಅಪ್ಪ ಕ್ಯಾಲೆಂಡರು ಬಿಟ್ಟು, ಚಪ್ಪಲಿ ಎಲ್ಲಿವೆ ಎಂದು ಬಾಗಿಲ ಕಡೆ ಕಣ್ಣಾಡಿಸಿದ. ಅಜ್ಜಾರು ತಮ್ಮ ಎಡ ಅಂಗೈಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಬರಿಯ ಅಂಗೈ, ನೇಗಿಲು ಹಿಡಿದು ದಡ್ಡುಗಟ್ಟಿದ್ದು.

"ನಂದೂ ಹಂಗೇ ನಡದದ ತಮ್ಮಾ," ಎಂದರು ಮೆಲ್ಲಗೆ. "ಸಣ್ಣಾಂವ ಇದ್ದಾಗಿಂದ. ಈಗ ಬರ್ತದ, ಈಗ ಬರ್ತದ ಅಂತ."

ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಾರ ಬಾಯಿಂದ ಇಂಥ ಮಾತನ್ನು ಆ ಮನೆ ಕೇಳಿರಲಿಲ್ಲವೆಂದು ಕಾಣುತ್ತದೆ. ಅಜ್ಜಾರು ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳ ಕಡೆ ತಿರುಗಿದರು.

"ನೀಲವ್ವಾ, ಏನೂ ಕಾಣ್ದಿದ್ರೂ ಬ್ಯಾಸರಿಲ್ದ ನೋಡ್ಕೋತ ಕುಂದ್ರೋ ಗಂಡಸು ಇಂವ. ಸಂಸಾರಕ್ಕ ಭಾಳ ಛಲೋ. ಒಪ್ಕೋತಿ ಅಂದ್ರ ಒಪ್ಕೋ. ಮತ್ತ ಇವತ್ತೊಂದಿನ ಮೊದಲ ಚಾ ಆಗ್ಲಿ. ನನಗೂ ಒಂದ್ ಕಪ್ ತಗೊಂಬಾ."

ನೀಲಾ ಅವರ ಮಾತು ಮುಗಿಯುವ ಮೊದಲೇ ಒಳಗೆ ಓಡಿದಳು. ಅದು ನನ್ನನ್ನು ಒಪ್ಪಿದ ಓಟವೋ ಚಹಾ ಸಿಕ್ಕಿತೆಂಬ ಓಟವೋ ನನಗೆ ಗೊತ್ತಾಗಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಕೇಳುವ ಧೈರ್ಯ ಬಂದಿಲ್ಲ.